ಮಾದರಿ ನೀರು

ಬಿಳಿಗುಂಡ, ಶಹಾಪುರ ತಾಲ್ಲೂಕು
10 ಜೂನ್ 2024

ಶ್ರೀಮತಿ ಪರಿಮಳಾ, ಅಂಕಿಅಂಶ ವಿಭಾಗ, ಕಲಬುರಗಿ ಇವರಿಗೆ,

ನಾನು ಮಾನಮ್ಮ, ಬಿಳಿಗುಂಡದ ನೀರಿನ ಮನೆಯ ಗೌಡಸಾನಿ. ವಯಸ್ಸು ಅರವತ್ತೇಳು. ಎಸ್ಸೆಸ್ಸೆಲ್ಸಿಯನ್ನು ಎರಡನೇ ದರ್ಜೆಯಲ್ಲಿ ಪಾಸು ಮಾಡಿದ್ದೇನೆ. ಈ ಊರಿಗೆ ಸೊಸೆಯಾಗಿ ಬಂದಾಗ ಪತ್ರ ಓದಿಸಿಕೊಳ್ಳಲು ಗಂಡಸರೂ ನನ್ನ ಬಳಿಗೇ ಬರುತ್ತಿದ್ದರು. ನಮ್ಮ ಮನೆಯ ಅಪ್ಪಣೆ ಇಲ್ಲದೆ ಈ ಕೆರೆಯ ತೂಬು ಮೂರು ತಲೆಮಾರು ತೆರೆದಿಲ್ಲ.

ಇದೆಲ್ಲ ನಿನಗೆ ಗೊತ್ತು. ಆದರೆ ಇದು ಮಗಳಿಗೆ ಬರೆದ ಕಾಗದವಲ್ಲ, ಸರ್ಕಾರಿ ನೌಕರಳಿಗೆ ಬರೆದ ಅರ್ಜಿ. ಅರ್ಜಿಯಲ್ಲಿ ಬರೆದವರು ಯಾರು ಎಂಬುದು ಮೊದಲು ಬರಬೇಕು. ಫೋನಿನಲ್ಲಿ ಆಡಿದ ಮಾತಿಗೆ ಸಹಿ ಇರುವುದಿಲ್ಲ. ನಿನ್ನ ನಂಬರೂ ನನ್ನಲ್ಲಿಲ್ಲ.

ವಿಷಯ ಇಷ್ಟು. ಕೆಳಗಿನ ಓಣಿಯವರು ಯಾದಗಿರಿಗೆ ಹೋಗಿ, ನಮ್ಮ ಕೆರೆಯನ್ನು ಕೆಟ್ಟ ನೀರಿನ ಪಟ್ಟಿಗೆ ಸೇರಿಸಬೇಕೆಂದು ಅರ್ಜಿ ಕೊಟ್ಟಿದ್ದಾರೆ. ಪಟ್ಟಿಗೆ ಸೇರಿದರೆ ಅಕ್ಕಿ ಗಿರಣಿಗಳ ನೀರು ಹಳ್ಳಕ್ಕೆ ಬರುವುದು ನಿಲ್ಲುತ್ತದಂತೆ, ಅವರ ಓಣಿಗೆ ಕೃಷ್ಣೆಯ ನೀರಿನ ನಳ ಮೊದಲು ಬರುತ್ತದಂತೆ. ಅರ್ಜಿಯ ಮೇಲಿನ ಮೊದಲ ಹೆಬ್ಬೆಟ್ಟು ಅಂಜನಾಳದು. ಅವಳು ಯಾರೆಂದು ನಾನು ಬರೆಯಬೇಕಾಗಿಲ್ಲ.

ಅವರಿಗೆ ನಳ ಬರಲಿ, ಬೇಡವೆನ್ನುವವಳು ನಾನಲ್ಲ. ಆದರೆ ಅದಕ್ಕಾಗಿ ಕೆರೆಯ ಹೆಸರು ಕೆಡಿಸುವುದು ಬೇಡ. ಕೆಟ್ಟ ನೀರಿನ ಊರಿಗೆ ಹೆಣ್ಣು ಕೊಡುವವರಿಲ್ಲ. ನಿಮ್ಮ ಇಲಾಖೆಯ ವರದಿಯಲ್ಲೇ ನಮ್ಮ ಕೆರೆ ಒಂಬತ್ತು ವರ್ಷದಿಂದ ಬಿ ದರ್ಜೆಯಲ್ಲಿದೆ. ಐದು ದರ್ಜೆಗಳಲ್ಲಿ ಎರಡನೆಯದು, ನನ್ನ ಎಸ್ಸೆಸ್ಸೆಲ್ಸಿಯ ಹಾಗೆ. ಅದು ಹಾಗೆಯೇ ಉಳಿಯಬೇಕು.

ಇತಿ,
ಮಾನಮ್ಮ ಗೌಡಸಾನಿ
ನೀರಿನ ಮನೆ, ಬಿಳಿಗುಂಡ


ಕಲಬುರಗಿ
24 ಜೂನ್ 2024

ಮಾನ್ಯರೇ,

ತಮ್ಮ ಪತ್ರ ತಲುಪಿದೆ.

ನಾನು ನೀರು ಪರೀಕ್ಷಿಸುವುದಿಲ್ಲ. ಪ್ರಯೋಗಾಲಯದಿಂದ ತಿಂಗಳಿಗೊಮ್ಮೆ ಬರುವ ಅಂಕಿಗಳನ್ನು ಕೋಷ್ಟಕಕ್ಕೆ ತುಂಬುತ್ತೇನೆ. ನೀರಿನಲ್ಲಿ ಕರಗಿದ ಆಮ್ಲಜನಕ ಎಷ್ಟಿದೆ, ಕೊಳೆ ಎಷ್ಟಿದೆ, ಮಲದ ಕ್ರಿಮಿ ಎಷ್ಟಿದೆ ಎಂದು ನೋಡಿ ವರ್ಷದ ಕೊನೆಗೆ ಸರಾಸರಿ ತೆಗೆದು ದರ್ಜೆ ಬರೆಯುತ್ತೇವೆ. ಎ ಎಂದರೆ ಕ್ರಿಮಿ ಕೊಂದು ಕುಡಿಯಬಹುದಾದ ನೀರು. ಬಿ ಎಂದರೆ ಮೈತೊಳೆಯಬಹುದಾದದ್ದು. ಕೊನೆಯ ಇ ಹೊಲಕ್ಕೆ ಮಾತ್ರ. ಜಿಲ್ಲೆಗಳಿಂದ ರಾಜ್ಯಕ್ಕೆ, ರಾಜ್ಯದಿಂದ ದೆಹಲಿಗೆ ಹೋಗುವುದು ಈ ಅಕ್ಷರ ಮಾತ್ರ.

ಯಾದಗಿರಿಯಿಂದ ನಮ್ಮ ವಿಭಾಗಕ್ಕೆ ಬಂದ ಕೆಳಗಿನ ಓಣಿಯ ಅರ್ಜಿ ಮುಕ್ತಾಯವಾಗಿದೆ. "ಸದರಿ ಕೆರೆಯು ಬಿ ದರ್ಜೆಯಲ್ಲಿರುವುದರಿಂದ ಕ್ರಮದ ಅಗತ್ಯ ಕಂಡುಬರುವುದಿಲ್ಲ" ಎಂಬ ಉತ್ತರದ ಕೆಳಗೆ ಇರುವುದು ನನ್ನ ಸಹಿ. ತಮ್ಮ ಕೆರೆಯ ಹೆಸರಿಗೆ ಧಕ್ಕೆ ಬಂದಿಲ್ಲ. ನಿಶ್ಚಿಂತರಾಗಿರಬಹುದು.

ಒಂದು ಮಾಹಿತಿ ಬೇಕಾಗಿದೆ. ಮಾದರಿ ಸಂಗ್ರಹಿಸಲು ಬರುವ ಬಸಲಿಂಗ ಕೆರೆಯ ಯಾವ ಭಾಗದಲ್ಲಿ ನೀರು ತುಂಬಿಕೊಳ್ಳುತ್ತಾರೆ?

ಕೇಳಲು ಕಾರಣವಿದೆ. ಅಪ್ಪ ವಡಗೇರಾದಲ್ಲಿ ಶಿಕ್ಷಕ, ಅವ್ವ ಕಲಬುರಗಿಯಲ್ಲಿ ನೌಕರಿ ಎಂದು ನಾಲ್ಕು ವರ್ಷದ ಒಂದು ಹುಡುಗಿ ಕೆಳಗಿನ ಓಣಿಯಲ್ಲಿ ಅಜ್ಜಿಯ ಬಳಿ ಇದ್ದಾಳೆ. ಅವಳ ಕಾಲಿನ ಹುಣ್ಣು ಎರಡು ತಿಂಗಳಿಂದ ಮಾಯುತ್ತಿಲ್ಲ. ಕೋಷ್ಟಕದಲ್ಲಿ ಅದಕ್ಕೆ ಕಾಲಂ ಇಲ್ಲ.

ತಮ್ಮ ವಿಶ್ವಾಸಿ,
ಪರಿಮಳಾ


ಬಿಳಿಗುಂಡ
4 ಜುಲೈ 2024

ಪರಿಮಳಾಗೆ,

ಎಲ್ಲಿಂದ ಎಂದು ಕೇಳುತ್ತೀಯಲ್ಲ. ಸೆಲೆಯಿಂದ. ಮತ್ತೆಲ್ಲಿಂದ?

ಒಂಬತ್ತು ವರ್ಷದ ಹಿಂದೆ ಬಸಲಿಂಗ ಮೊದಲ ಸಲ ಮೋಟರ್ ಸೈಕಲ್ಲಿಗೆ ಐಸಿನ ಡಬ್ಬಿ ಕಟ್ಟಿಕೊಂಡು ಬಂದಾಗ ನಾನು ಕಟ್ಟೆಯ ಮೇಲೆ ಕುಳಿತಿದ್ದೆ. ಅವನು ಬಾಟಲಿ ಹಿಡಿದು ಕೆಳಗಿನ ದಂಡೆಯ ಕಡೆ ಹೊರಟಿದ್ದ. ಕರೆದು ಕೇಳಿದೆ.

"ಎಲ್ಲಿಗಪ್ಪಾ?"

"ಮಾದರಿ ತಗೊಳಾಕ ಬಂದೀನ್ರಿ ಅವ್ವಾರ, ಸರ್ಕಾರದಿಂದ."

"ಮಾದರಿಗೆ ಅಲ್ಲಿಗ್ಯಾಕ ಹೊಂಟಿ? ಅದು ಎಮ್ಮಿ ಬೀಳೋ ಜಾಗ. ನಡಿ ನನ್ನ ಕೂಡ."

ನಾನು ಓದಿದ್ದು ಸರ್ಕಾರಿ ಮಾದರಿ ಶಾಲೆಯಲ್ಲಿ. ನಮ್ಮ ಕಾಲದಲ್ಲಿ ಮಾದರಿ ಹೊಲ ಎಂದರೆ ಬೇರೆ ರೈತರು ನೋಡಿ ಕಲಿಯುವಂಥ ಹೊಲ. ಮಾದರಿ ನೀರು ಎಂದರೆ ಊರಿನ ಅತ್ಯುತ್ತಮ ನೀರು ಎಂದೇ ತಿಳಿದೆ. ಹಾಗಾಗಿ ನಮ್ಮ ಮನೆಯ ಪಕ್ಕದ ಸೆಲೆಯ ಮೆಟ್ಟಿಲುಹೊಂಡಕ್ಕೆ ಕರೆದುಕೊಂಡು ಹೋದೆ. ಅಂದಿನಿಂದ ಪ್ರತಿ ತಿಂಗಳ ಮೊದಲ ಮಂಗಳವಾರ ಅವನು ಬರುವ ಮುಂಚೆ ಮೆಟ್ಟಿಲು ತಿಕ್ಕಿಸಿ, ಪಾಚಿ ತೆಗೆಸಿ, ಯಾರೂ ಕೊಡ ಮುಳುಗಿಸದಂತೆ ಕಾಯುತ್ತೇನೆ. ಅವನು ಅದೇ ನೀರಿನಿಂದ ಬಾಟಲಿಯನ್ನು ಮೂರು ಸಲ ತೊಳೆದು ತುಂಬಿಕೊಳ್ಳುತ್ತಾನೆ. ಆಮೇಲೆ ನಮ್ಮ ಪಡಸಾಲೆಯಲ್ಲಿ ಒಂದು ತಂಬಿಗೆ ನೀರು ಕುಡಿದು, ರೊಟ್ಟಿ, ಪುಂಡಿಪಲ್ಯ ಉಂಡು ಹೋಗುತ್ತಾನೆ. ಮನೆಯ ಮಾನ ಮೊದಲ ತಂಬಿಗೆಯಲ್ಲಿದೆ ಎಂದು ನನ್ನ ಅತ್ತೆ ಹೇಳುತ್ತಿದ್ದಳು. ಬಂದವರು ದಣಿದವರಾಗಲಿ, ಧಣಿಯಾಗಲಿ, ಮೊದಲು ಸೆಲೆಯ ನೀರು. ಸರ್ಕಾರಕ್ಕೂ ಅದನ್ನೇ ಕೊಟ್ಟೆ. ಇದರಲ್ಲಿ ತಪ್ಪೇನು?

ಸೆಲೆಯ ನೀರು ಕೆರೆಯದಲ್ಲ ಎಂದು ಅಕ್ಷರಸ್ಥೆ ನೀನು ಹೇಳಬಹುದು. ನಡುವೆ ಮಾವನವರ ಅಪ್ಪ ಕಟ್ಟಿಸಿದ ಕಲ್ಲಿನ ಗೋಡೆ ಇದೆ, ನಿಜ. ಆದರೆ ಹೊಂಡ ತುಂಬಿದ ಮೇಲೆ ನೀರು ಗೋಡೆ ದಾಟಿ ಕೆರೆಗೇ ತಾನೆ ಹೋಗುವುದು?

ಆ ಹುಡುಗಿಯನ್ನು ದವಾಖಾನೆಗೆ ತೋರಿಸಲು ಹೇಳು.

ಮಾನಮ್ಮ ಗೌಡಸಾನಿ


ಬಿಳಿಗುಂಡ
11 ಆಗಸ್ಟ್ 2024

ಪರಿಮಳಾಗೆ,

ನನ್ನ ಹಿಂದಿನ ಪತ್ರಕ್ಕೆ ಉತ್ತರ ಬರಲಿಲ್ಲ. ಉತ್ತರ ಇಲ್ಲದ್ದೂ ಉತ್ತರವೇ ಎಂದು ಐದು ವಾರ ಆದ ಮೇಲೆ ಅರ್ಥವಾಯಿತು.

ನಿನ್ನೆ ಕೆಳಗಿನ ದಂಡೆಗೆ ಹೋಗಿದ್ದೆ. ನೀನು ಮನೆ ಬಿಟ್ಟು ಹೋದ ಮೇಲೆ ಆ ಕಡೆ ಕಾಲಿಟ್ಟಿರಲಿಲ್ಲ. ಹಳ್ಳ ಕೆರೆಗೆ ಸೇರುವ ಜಾಗದಲ್ಲಿ ನೀರು ಕಪ್ಪಗಿದೆ. ಗಿರಣಿಯಲ್ಲಿ ಭತ್ತ ಬೇಯಿಸಿದ ನೀರು ಬಂದು ನಿಂತು, ಹಳಸಿದ ಗಂಜಿಯಂತೆ ನಾರುತ್ತದೆ. ಮೂಗಿಗೆ ಸೆರಗು ಹಿಡಿದೆ. ಬಟ್ಟೆ ಒಗೆಯುತ್ತಿದ್ದ ಅಂಜನಾ ನೋಡಿ ನಕ್ಕಳು.

"ಏನ್ರಿ ಗೌಡಸಾನಿ, ಬಿ ದರ್ಜೆ ನೀರು ನೋಡಾಕ ಬಂದೀರೇನು? ಸೆರಗು ತೆಗೀರಿ. ಸರ್ಕಾರ ಮೈ ತೊಳಕೋರಿ ಅಂದದ, ಮೂಗು ಮುಚ್ಚರಿ ಅಂತ ಬರದಿಲ್ಲ."

"ಈ ನೀರು ಕುಡೀತೀರೇನು?"

"ಬೋರಿನ ನೀರು ಸೌಳು, ಬಾಯಾಗ ಇಡಾಕ ಬರಂಗಿಲ್ಲ. ಶುದ್ಧ ನೀರಿನ ಮಷಿನ್ ಕೆಟ್ಟು ಎರಡು ವರ್ಷ ಆತು. ಕುಡೀದ ಏನ್ ಮಾಡಬೇಕ್ರಿ? ಕಾಸಿ ಸೋಸಿ ಕುಡಿತೀವಿ. ವಾಸನಿ ಕಾಸಿದ್ರ ಹೋಗಂಗಿಲ್ಲ."

"ನಮ್ಮ ಮೆಟ್ಟಲಿಗೆ ಬರಬೇಕಿತ್ತು."

ಅವಳು ಬಟ್ಟೆ ಕೆಳಗಿಟ್ಟಳು. "ಬರಬಹುದಿತ್ತೇನ್ರಿ?" ಎಂದಳು. ಸಿಟ್ಟಿನಿಂದ ಕೇಳಲಿಲ್ಲ, ತಿಳಿಯದವರು ಕೇಳುವ ಹಾಗೆ ಕೇಳಿದಳು.

ಅವಳ ಹಿಂದೆ ಕಲ್ಲಿನ ಮೇಲೆ ಮಗು ಕುಳಿತಿತ್ತು. ಎರಡೂ ಮೊಣಕಾಲಿನ ಕೆಳಗೆ ಬಟ್ಟೆ ಸುತ್ತಿದ್ದರು. ಹೆಸರು ಕೇಳಿದೆ. "ಭುವನೇಶ್ವರಿ ಕಾಂತೇಶ" ಎಂದು ಶಾಲೆಯಲ್ಲಿ ಹೇಳುವಂತೆ ಹೇಳಿತು. ನಂತರ ನನ್ನನ್ನು ಕೇಳಿತು, "ನೀ ಯಾರು?"

ಒಂಬತ್ತು ವರ್ಷ ಸರ್ಕಾರಕ್ಕೆ ಸುಳ್ಳು ಹೇಳಿದವಳು ನಾನು ಎಂದು ಮಗುವಿಗೆ ಹೇಗೆ ಹೇಳಲಿ? ಅಂಜನಾಳೂ ನನ್ನನ್ನು ಯಾರೆಂದು ಹೇಳಲಿಲ್ಲ.

ನನ್ನ ಮೊದಲ ಅರ್ಜಿಯನ್ನು ಹಿಂದಕ್ಕೆ ಪಡೆಯುತ್ತಿದ್ದೇನೆ. ದರ್ಜೆ ತಿದ್ದು.

ಮಾನಮ್ಮ


ಕಲಬುರಗಿ
26 ಆಗಸ್ಟ್ 2024

ಅವ್ವಾ,

ದರ್ಜೆ ತಿದ್ದಲು ನನಗೆ ಬರುವುದಿಲ್ಲ. ಪ್ರಯೋಗಾಲಯ ಬರೆದು ಕಳಿಸಿದ್ದನ್ನು ಬರೆಯಬಲ್ಲೆ ಅಷ್ಟೆ.

ಮೇಲಿನವರನ್ನು ಕೇಳಿದೆ. ಮಾದರಿ ತೆಗೆಯುವ ಜಾಗಕ್ಕೆ ಒಂದು ಸಂಖ್ಯೆ ಇದೆ. ಆ ಸಂಖ್ಯೆಗೆ ಅಕ್ಷಾಂಶ, ರೇಖಾಂಶ ಇದೆ. ಬಸಲಿಂಗ ಮೊದಲ ದಿನ ಎಲ್ಲಿ ಬಾಟಲಿ ಅದ್ದಿದನೋ ಅದೇ ಬಿಳಿಗುಂಡ ಕೆರೆ ಎಂದು ದಾಖಲಾಗಿದೆ. ಅದನ್ನು ಇನ್ನೂರು ಹೆಜ್ಜೆ ಆಚೆ ಸರಿಸಬೇಕಾದರೆ ಜಿಲ್ಲೆಯಿಂದ ಪ್ರಸ್ತಾವನೆ ಹೋಗಬೇಕು, ತಜ್ಞರ ಸಮಿತಿ ನೋಡಬೇಕು, ದೆಹಲಿ ಒಪ್ಪಬೇಕು. "ಒಂಬತ್ತು ವರ್ಷದ ಸರಣಿ ಕಡಿದುಹೋಗುತ್ತದಲ್ಲಮ್ಮಾ, ಇಷ್ಟು ಚೆಂದದ ಸರಣಿ ಜಿಲ್ಲೆಯಲ್ಲೇ ಇಲ್ಲ" ಎಂದರು. ಅವರು ಕೆಟ್ಟವರಲ್ಲ. ಚಹಾ ತರಿಸಿ ಕೊಟ್ಟರು.

ಒಂದು ಮಾತು ಹೇಳಬೇಕು. ಆ ಅಂಕಿಗಳನ್ನು ನಾನು ಯಾವತ್ತೂ ನಂಬಿರಲಿಲ್ಲ. ಮಳೆಗಾಲವಿರಲಿ ಬೇಸಿಗೆಯಿರಲಿ, ಅವು ಅಲುಗುತ್ತಿರಲಿಲ್ಲ. ಯಾವ ಕೆರೆಯೂ ಹಾಗಿರುವುದಿಲ್ಲ. ಎಲ್ಲಿಂದ ತುಂಬುತ್ತಾರೆ ಎಂದು ಕೇಳಬೇಕಿತ್ತು. ಕೇಳಬೇಕಾದರೆ ನಿನಗೆ ಬರೆಯಬೇಕಿತ್ತು. ಬರೆಯಲಿಲ್ಲ. ವರ್ಷ ವರ್ಷವೂ ಬಿ ಎಂದು ತುಂಬಿದೆ.

ಮಗುವನ್ನು ಇಲ್ಲಿಗೆ ಕರೆತಂದಿದ್ದೇನೆ. ಹುಣ್ಣು ಒಣಗುತ್ತಿದೆ. ಉಳಿದ ನಲವತ್ತು ಮನೆಗಳ ಮಕ್ಕಳನ್ನು ಎಲ್ಲಿಗೆ ಕರೆತರಲಿ?

ಪರಿಮಳಾ


ಬಿಳಿಗುಂಡ
4 ಅಕ್ಟೋಬರ್ 2024

ಪರಿಮಳಾ,

ಅಕ್ಷಾಂಶ ರೇಖಾಂಶವನ್ನು ನಾನೂ ಭೂಗೋಳದಲ್ಲಿ ಓದಿದ್ದೇನೆ. ಅವು ಸಮುದ್ರದಲ್ಲಿ ಹಡಗಿನವರಿಗೆ ದಾರಿ ತೋರಿಸುತ್ತವೆ ಎಂದು ಮೇಷ್ಟ್ರು ಹೇಳಿದ್ದರು. ನಮ್ಮ ಮೆಟ್ಟಿಲಿಗೆ ಬಂದು ಕೂರುತ್ತವೆ ಎಂದು ಹೇಳಿರಲಿಲ್ಲ.

ನನ್ನಿಂದ ಆಗುವುದನ್ನೆಲ್ಲ ಮಾಡಿದೆ. ಹೇಳುತ್ತೇನೆ, ಕೇಳು.

ಮೊದಲು ಮೆಟ್ಟಿಲು ಬಿಟ್ಟುಕೊಟ್ಟೆ. ಕೆಳಗಿನ ಓಣಿಯವರು ಸೆಲೆಯ ನೀರು ತುಂಬಲಿ ಎಂದು ನಾನೇ ಹೋಗಿ ಹೇಳಿದೆ. ಮೂರು ದಿನ ಯಾರೂ ಬರಲಿಲ್ಲ. ನಾಲ್ಕನೆಯ ದಿನ ಅಂಜನಾ ಒಬ್ಬಳೇ ಬಂದಳು. ಮರುದಿನ ಎಲ್ಲರೂ ಬಂದರು. ಇಪ್ಪತ್ತೆರಡು ಕೊಡಕ್ಕೆ ಹೊಂಡದ ತಳ ಕಂಡಿತು. ಮತ್ತೆ ತುಂಬಲು ಸಂಜೆಯಾಯಿತು. ಸೆಲೆ ನಾಲ್ಕು ಮನೆಗೆ ಸಾಕಾಗುವಷ್ಟೇ ಇದೆ, ನಾವು ಅದನ್ನು ಊರಿನ ನೀರು ಎಂದು ಕರೆಯುತ್ತಿದ್ದೆವು. "ನಾವು ಕೇಳಿದ್ದು ನಳ್ರಿ ಗೌಡಸಾನಿ, ನಿಮ್ಮ ಮೆಟ್ಟಲ ಅಲ್ಲ" ಎಂದು ಅಂಜನಾ ಖಾಲಿ ಕೊಡ ಎತ್ತಿಕೊಂಡು ಹೋದಳು.

ಯಾದಗಿರಿಗೆ ಹೋದೆ. ಒಂಬತ್ತು ವರ್ಷ ತಪ್ಪು ನೀರು ಕೊಟ್ಟಿದ್ದೇನೆ ಎಂದು ಬರೆದು, ಸಹಿ ಮಾಡಿ ಕೊಟ್ಟೆ. ಗುಮಾಸ್ತೆ ಎರಡು ಸಲ ಓದಿದ. "ಅಜ್ಜೀರ, ನೀರು ಕೆಟ್ಟದ ಅಂತ ಅರ್ಜಿ ಬರ್ತಾವ. ನೀರು ಛಲೋ ಇತ್ತು, ಅದೇ ನನ್ನ ತಪ್ಪು ಅಂತ ಯಾರೂ ಕೊಟ್ಟಿಲ್ಲ. ಇದನ್ನ ಯಾವ ಫೈಲಿಗೆ ಹಚ್ಚಲಿ?" ಎಂದ. ನಾನು ಗದರಿದೆ. ಅವನು ನಿಂತು ಕೈಮುಗಿದ. ಫೈಲು ಮಾತ್ರ ಸಿಗಲಿಲ್ಲ.

ಮೊನ್ನೆ ಮಂಗಳವಾರ ಬಸಲಿಂಗ ಬಂದ. ಕೈಹಿಡಿದು ಕೆಳಗಿನ ದಂಡೆಗೆ ಕರೆದೊಯ್ದೆ.

"ಇಲ್ಲಿ ತುಂಬು."

"ಅವ್ವಾರ, ಈಗ ಫೋಟೋ ತೆಗೀಬೇಕ್ರಿ. ಜಾಗ ಫೋನಿನಾಗ ಅದ. ಇಲ್ಲಿ ನಿಂತ್ರ ಅದು ಕೆಂಪಗ ಆಗ್ತದ, ಮುಂದ ಹೋಗಂಗಿಲ್ಲ. ನೋಡ್ರಿ."

ನೋಡಿದೆ. ಕೆಂಪಗಿತ್ತು.

"ನೀ ಮನುಷ್ಯ ಇದ್ದೀಯೋ, ಫೋನ್ ಇದ್ದೀಯೋ?"

"ಕಂತ್ರಾಟ ಮನುಷ್ಯ ಇದ್ದೀನ್ರಿ" ಎಂದು ತಲೆ ತಗ್ಗಿಸಿದ. "ಹೋದ ವರ್ಷ ಬ್ಯಾರೆ ಊರಾಗ ಒಬ್ಬಾಂವ ಜಾಗ ಬಿಟ್ಟು ತುಂಬಿದ್ದ. ಅಂಕಿ ಹೊಂದಲಿಲ್ಲ ಅಂತ ಮಾದರಿ ಚೆಲ್ಲಿದ್ರು, ಅವನನ್ನೂ ಕೆಲಸದಿಂದ ಬಿಡಿಸಿದ್ರು."

ಅವನಿಗೆ ಇಬ್ಬರು ಹೆಣ್ಣುಮಕ್ಕಳಿದ್ದಾರೆ. ನಾನು ಏನು ಹೇಳಲಿ? ಸೆಲೆಗೆ ಕರೆದೊಯ್ದೆ. ಫೋನು ಹಸಿರಾಯಿತು. ಮೂರು ಸಲ ತೊಳೆದು ತುಂಬಿಕೊಂಡ. ಆ ತಿಳಿನೀರನ್ನು ನೋಡುತ್ತ ನಿಂತೆ. ಜನ್ಮದಲ್ಲಿ ಮೊದಲ ಸಲ ಅದು ಕೆಟ್ಟಿರಬಾರದಿತ್ತೇ ಎನ್ನಿಸಿತು.

ನನ್ನ ಮಾತಿಗೆ ಈ ಊರಿನಲ್ಲಿ ಎರಡನೇ ಮಾತಿರಲಿಲ್ಲ. ಈಗ ನಾನು ಹೇಳಿದ ಒಂದು ಮಾತನ್ನು ನಾನೇ ಹಿಂದಕ್ಕೆ ಪಡೆಯಲು ಆಗುತ್ತಿಲ್ಲ. ಅದು ದೆಹಲಿ ಮುಟ್ಟಿದೆ.

ಮಾನಮ್ಮ


ಬಿಳಿಗುಂಡ
8 ನವೆಂಬರ್ 2024

ಪರಿಮಳಾ,

ಈ ಪತ್ರ ನಿನ್ನ ಸಲಹೆ ಕೇಳಲು ಬರೆದದ್ದಲ್ಲ. ಕೆಲಸ ಮುಗಿದಿದೆ.

ದೀಪಾವಳಿಯ ನೀರು ತುಂಬುವ ದಿನ ಹಂಡೆ, ಕೊಡಗಳನ್ನು ತಿಕ್ಕಿಸಿ, ಸುಣ್ಣದ ಪಟ್ಟಿ ಬರೆಸಿ, ಸೆಲೆಯ ನೀರು ತುಂಬಿಸಿದೆ. ಗಂಗೆಗೆ ಅರಿಸಿನ ಕುಂಕುಮ ಏರಿಸಿ, ತಪ್ಪಾಯಿತು ಎಂದೆ. ಯಾಕೆಂದು ಮನೆಯವರಿಗೆ ತಿಳಿಯಲಿಲ್ಲ. ಹಬ್ಬ ಕಳೆದು ಸೋಮವಾರ ಕೆಳಗಿನ ಓಣಿಯ ಗೌಂಡಿ ಬಾಲರಾಜನನ್ನು ಕರೆಸಿ, ಸೆಲೆಗೂ ಕೆರೆಗೂ ನಡುವಿನ ಗೋಡೆಯನ್ನು ಒಡೆಯಲು ಹೇಳಿದೆ. ಮಾದರಿಯ ಜಾಗವನ್ನು ಕೆರೆಯ ಬಳಿಗೆ ಒಯ್ಯಲು ಆಗುವುದಿಲ್ಲ ಎಂದು ಸರ್ಕಾರ ಹೇಳಿತು. ಸರಿ, ಕೆರೆಯನ್ನೇ ಜಾಗದ ಬಳಿಗೆ ಕರೆತಂದರೆ ಯಾರ ತಕರಾರಿದೆ? ಗೋಡೆ ನಮ್ಮದು, ಸರ್ವೆ ನಂಬರು ನಮ್ಮದು.

ಬಾಲರಾಜ ಸುತ್ತಿಗೆ ಹಿಡಿದು ನಿಂತೇ ಇದ್ದ. "ನಮ್ಮಜ್ಜ ಈ ಗ್ವಾಡಿ ಮುಟ್ಟಿದ್ದಕ್ಕ ನಿಮ್ಮ ಮನ್ಯಾರ ಕಡಿಂದ ಏಟು ತಿಂದಾನ್ರಿ ಗೌಡಸಾನಿ. ನಾ ಹೆಂಗ ಹೊಡೀಲಿ?"

"ಅದಕ್ಕ ನಿನ್ನ ಕರಸೀನಿ" ಎಂದೆ. ಮೊದಲ ಕಲ್ಲನ್ನು ನಾನೇ ಹಾರೆಯಿಂದ ಅಲುಗಿಸಿದೆ.

ನನ್ನ ಮೈದುನ ಬಸವಂತ್ರಾಯ ಅಂಗಳದಿಂದ ಕೂಗಾಡಿದ. ಮೇಲಿನ ನಾಲ್ಕು ಮನೆಗಳ ಹೆಂಗಸರು ಬಾಗಿಲಲ್ಲಿ ನಿಂತು ಅತ್ತರು. ಗಲಾಟೆ ಕೇಳಿ ಅಂಜನಾ ಬಂದಳು.

"ತಲಿ ಕೆಟ್ಟದೇನ್ರಿ? ಇದ್ರಿಂದ ನಮ್ಮ ನೀರೇನು ಛಲೋ ಆಗಂಗಿಲ್ಲ. ನಿಮ್ದೂ ಕೆಡ್ತದ."

"ಗೊತ್ತದ. ಕೆಡ್ಲಿ ಅಂತೇ ಒಡಸಾಕತ್ತೇನಿ. ದೂರ ಸರಿ, ಬೀಗತಿ, ಕಾಲ ಮ್ಯಾಲ ಕಲ್ಲು ಬಿದ್ದೀತು."

ನಿನ್ನ ಅತ್ತೆಯನ್ನು ಇಷ್ಟು ವರ್ಷ ನಾನು ಹಾಗೆ ಕರೆದಿರಲಿಲ್ಲ. ಅವಳು ದೂರ ಸರಿಯಲಿಲ್ಲ. ಸಂಜೆಯವರೆಗೆ ನನ್ನ ಪಕ್ಕದಲ್ಲೇ ಕುಳಿತಿದ್ದಳು.

ಕೆರೆ ಈ ವರ್ಷ ತುಂಬಿದೆ. ಕಪ್ಪು ನೀರು ಸದ್ದಿಲ್ಲದೆ ಬಂತು. ಮೊದಲು ಅರಿಸಿನ ಕುಂಕುಮ ಕಲಕಿತು, ನಂತರ ಕೆಳಗಿನ ಮೂರು ಮೆಟ್ಟಿಲು ಕಾಣದಾದವು, ನಂತರ ವಾಸನೆ ಪಡಸಾಲೆಯವರೆಗೆ ಬಂತು.

ಮಂಗಳವಾರ ಬಸಲಿಂಗ ಬಂದ. ಮೆಟ್ಟಿಲು ತಿಕ್ಕಿಸಿರಲಿಲ್ಲ. ಫೋನು ಹಸಿರಾಯಿತು. ಅವನು ನೀರನ್ನು ನೋಡಿದ, ನನ್ನನ್ನು ನೋಡಿದ, ಬಾಟಲಿಯನ್ನು ಮೂರು ಸಲ ತೊಳೆದು ತುಂಬಿಕೊಂಡ. ಅವನ ಮೇಲೆ ಮಾತು ಬಂದರೆ ಈ ಪತ್ರ ತೋರಿಸು. ಅವನು ತನ್ನ ಜಾಗದಲ್ಲೇ ನಿಂತಿದ್ದ, ಗೋಡೆ ಒಡೆಸಿದವಳು ನಾನು. ಕೆಳಗೆ ನನ್ನ ಸಹಿ ಇದೆ.

ಇದರಿಂದ ನಳ ಬರುತ್ತದೆಯೇ? ಗೊತ್ತಿಲ್ಲ. ವರ್ಷದ ಕೊನೆಯ ಎರಡು ತಿಂಗಳ ಕೆಟ್ಟ ಅಂಕಿ ಹತ್ತು ತಿಂಗಳ ಒಳ್ಳೆಯ ಅಂಕಿಗಳಲ್ಲಿ ಕರಗಿಹೋಗುತ್ತದೆ ಎಂದು ಸರಾಸರಿ ಕಲಿತ ನನಗೂ ಗೊತ್ತು. ಈ ವರ್ಷವೂ ನೀನು ಬಿ ಎಂದೇ ತುಂಬಬೇಕಾದೀತು. ಆಗಲಿ. ಆ ಅಕ್ಷರದ ನೀರನ್ನು ಇನ್ನು ಮೇಲೆ ನಾನೂ ಕಾಸಿ ಸೋಸಿ ಕುಡಿಯುತ್ತೇನೆ.

ಹೊರಡುವಾಗ ಬಸಲಿಂಗ ರೂಢಿಯಂತೆ ಪಡಸಾಲೆಯಲ್ಲಿ ಕುಳಿತು ತಂಬಿಗೆಗಾಗಿ ಕೈಚಾಚಿದ. ಹಬ್ಬಕ್ಕೆ ತುಂಬಿಟ್ಟ ಹಂಡೆಯ ನೀರನ್ನು ಹಿಂದಿನ ದಿನವೇ ಅಂಜನಾಳ ಓಣಿಯ ಬಾಣಂತಿಗೆ ಕಳಿಸಿದ್ದೆ. "ಇಲ್ಲಪ್ಪಾ, ಕೊಡೋ ಅಂಥಾ ನೀರು ಈ ಮನ್ಯಾಗ ಇಲ್ಲ" ಎಂದೆ. ಅವನು ಚಾಚಿದ ಕೈಯಿಂದಲೇ ನಮಸ್ಕಾರ ಮಾಡಿ ಎದ್ದು ಹೋದ. ನೀರಿನ ಮನೆಯಿಂದ ಒಬ್ಬರು ಬಾಯಾರಿ ಹೋದದ್ದು ಅದೇ ಮೊದಲು.

ಮಗುವಿನ ಕಾಲು ಪೂರ್ತಿ ಮಾಯುವವರೆಗೆ ಕರೆತರಬೇಡ. ನೀನು ಬರಬೇಕೆಂದರೆ ಬಾ. ಬರುವಾಗ ಕುಡಿಯುವ ನೀರು ತಾ.

ನಿನ್ನ ಅವ್ವ,
ಮಾನಮ್ಮ